ಓದಿದ್ದು ಆರು, ಬರೆದದ್ದು ಐದು

ನಾನು ಒಂದು ಕಾಲದಲ್ಲಿ ಕೂಲಿಕಾರರ ಸಂಘದ ಕಾರ್ಯದರ್ಶಿಯಾಗಿದ್ದೆ ಎಂದರೆ ಮನೆಯ ಮಕ್ಕಳು ನನ್ನನ್ನು ಮರ್ಯಾದೆಯಿಂದ ನೋಡುತ್ತಾರೆ. ಮಹಾರಾಜರ ಕಾಲದಲ್ಲಿ, ಅದೂ ಯುದ್ಧದ ದಿನಗಳಲ್ಲಿ, ಹುಣಸೂರಿನಂಥ ಊರಿನಲ್ಲಿ ಸಂಘ ಕಟ್ಟುವುದೆಂದರೆ ಸಾಮಾನ್ಯವೇ ಎನ್ನುತ್ತಾರೆ. ನಾನು ಸುಮ್ಮನಿರುತ್ತೇನೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ನಾಚಿಕೆಯಿಂದ ಸುಮ್ಮನಿರುತ್ತೇನೆ. ಆ ನಾಚಿಕೆಗೆ ಕಾರಣವನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ, ಹೆಂಡತಿಯ ಮುಂದೆ ಕೂಡ.

ನಾನಿದ್ದದ್ದು ಒಂದು ಕಾಫಿ ಕಾರ್ಖಾನೆಯಲ್ಲಿ. ಕೊಡಗಿನ ತೋಟಗಳ ಕಾಫಿ ಪಿರಿಯಾಪಟ್ಟಣದ ರಸ್ತೆಯಲ್ಲಿ ಗಾಡಿಗಟ್ಟಲೆ ಬಂದು ನಮ್ಮ ಅಂಗಳದಲ್ಲಿ ಇಳಿಯುತ್ತಿತ್ತು. ಗಂಡಾಳುಗಳು ಅದನ್ನು ಕಣದಲ್ಲಿ ಹರಡಿ ಒಣಗಿಸುತ್ತಿದ್ದರು, ಯಂತ್ರ ಸಿಪ್ಪೆ ಬಿಡಿಸುತ್ತಿತ್ತು, ಕೊನೆಗೆ ಬೀಜ ಹೆಂಗಸರ ಮೊರಕ್ಕೆ ಬರುತ್ತಿತ್ತು. ಉದ್ದನೆಯ ಶೆಡ್ಡಿನಲ್ಲಿ ಅವರು ಸಾಲುಸಾಲಾಗಿ ಕುಳಿತು ಕರಿಕಾಳು, ಒಡಕುಕಾಳು, ಹುಳ ಹಿಡಿದದ್ದು ಎಲ್ಲವನ್ನೂ ಬೆರಳ ತುದಿಯಲ್ಲಿ ಆರಿಸಿ ತೆಗೆಯುತ್ತಿದ್ದರು. ಹುಣಸೂರಿನ ಸುತ್ತಿನ ಹಳ್ಳಿಗಳ ಬಡವರ ಮನೆಯ ಹೆಂಗಸರು. ರಾಗಿಯ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಈ ಶೆಡ್ಡೇ ಅವರ ಹೊಲ. ನಾನು ಅವರು ಆರಿಸಿದ್ದನ್ನು ತೂಗಿಸಿ ಬರೆದುಕೊಳ್ಳುವ ರೈಟರು. ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯ ಒಕ್ಕಲು ಮನೆಯವನು, ನಮ್ಮ ವಂಶದಲ್ಲಿ ಇಂಗ್ಲಿಷ್ ಓದಿದ ಮೊದಲನೆಯವನು. ಆ ಎರಡನೆಯ ಸಂಗತಿಯನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಸಂಜೆಯ ಗಂಟೆ ಹೊಡೆದ ಮೇಲೆ ಗೇಟಿನಲ್ಲಿ ಝಡ್ತಿ ನಡೆಯುತ್ತಿತ್ತು. ಗಂಡಸರಾದರೆ ಜೇಬು, ಟೊಂಕ ಮುಟ್ಟಿ ನೋಡಿ ಬಿಡುತ್ತಿದ್ದರು. ಹೆಂಗಸರನ್ನು ಮುಟ್ಟುವಂತಿಲ್ಲ. ಆದ್ದರಿಂದ ಅವರು ಒಬ್ಬೊಬ್ಬರಾಗಿ ಗೇಟಿನ ಮುಂದಿನ ಚಪ್ಪಡಿಯ ಮೇಲೆ ನಿಂತು, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಮಡಿಲನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಒದರಬೇಕು. ಒಳಗೆ ಬೀಜ ಅಡಗಿಸಿದ್ದರೆ ಬೀಳುತ್ತದೆ. ಗೇಟಿನ ಜಮಾದಾರರು ವಯಸ್ಸಾದ ಮನುಷ್ಯ, ಹಿಂದೆ ಅರಮನೆಯ ಕುದುರೆ ಪಡೆಯಲ್ಲಿ ಇದ್ದವರು. ಹೆಂಗಸರ ಸರದಿ ಬಂದಾಗ ಅವರು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಬಿಡುತ್ತಿದ್ದರು. ಕಲ್ಲಿನ ಮೇಲೆ ಕಾಳು ಬಿದ್ದರೆ ಟಿಕ್ಕೆಂದು ಕೇಳುತ್ತದಲ್ಲ, ಕಿವಿಯಲ್ಲೇ ಕೆಲಸ ಮುಗಿಸುತ್ತಿದ್ದರು. ನಮ್ಮ ಗಂಡಾಳುಗಳು ಇದಕ್ಕಾಗಿ ಅವರನ್ನು ಗೇಲಿ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ.

ಮಡಿಲು ಎಂದರೆ ನಮ್ಮ ಸೀಮೆಯಲ್ಲಿ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಿಗೆ ಅಕ್ಕಿ ಹಾಕುತ್ತಾರೆ, ಬಸುರಿಯಾದಾಗ ಹಾಕುತ್ತಾರೆ, ಬಾಣಂತನ ಮುಗಿಸಿ ಹೊರಟಾಗ ಹಾಕುತ್ತಾರೆ. ತುಂಬಿಸಿಕೊಳ್ಳುವ ಜಾಗ ಅದು. ಅದನ್ನು ಪರಗಂಡಸಿನ ಮುಂದೆ ಬರಿದು ಮಾಡಿ ಒದರುವುದು ಯಾರಿಗೆ ತಾನೇ ಇಷ್ಟ? ಆದರೂ ಆ ಹೆಂಗಸರು ವರ್ಷಗಟ್ಟಲೆ ಒದರಿಕೊಂಡೇ ಬಂದಿದ್ದರು. ಹೊಟ್ಟೆಪಾಡು.

ಯುದ್ಧ ಬಂದು ರಾಗಿ, ಸೀಮೆಎಣ್ಣೆ, ಬಟ್ಟೆ ಎಲ್ಲದರ ಬೆಲೆಯೂ ಏರಿತು, ಕೂಲಿ ಮಾತ್ರ ಇದ್ದಲ್ಲೇ ಇತ್ತು. ಕೂಲಿಕಾರರು ಸಂಘ ಕಟ್ಟಿಕೊಂಡರೆ ತಪ್ಪಿಲ್ಲ ಎಂದು ಸರ್ಕಾರವೂ ಹೇಳತೊಡಗಿದ್ದ ಕಾಲ. ಮೈಸೂರಿನ ಗಿರಣಿ ಕೆಲಸಗಾರರ ಮುಂದಾಳೊಬ್ಬರು ಭಾನುವಾರದ ಬಸ್ಸಿನಲ್ಲಿ ಬಂದು ನಮ್ಮ ಗಂಡಾಳುಗಳನ್ನು ಕೂಡಿಸಿ ಮಾತಾಡಿದರು. ಸಂಘವಾಯಿತು. ಓದುಬರಹ ಬಲ್ಲವನು ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ನಾನು ಮಾರನೆಯ ದಿನವೇ ಒಂದು ಕೋಟು ಹೊಲಿಸಲು ಹಾಕಿದೆ.

ಆ ಮುಂದಾಳು ಹೇಳಿಹೋದದ್ದು ಎರಡೇ ಮಾತು. ಅರ್ಧಕ್ಕಿಂತ ಹೆಚ್ಚು ಜನರ ರುಜುವೋ ಹೆಬ್ಬೆಟ್ಟೋ ಇಲ್ಲದಿದ್ದರೆ ಮನವಿಯನ್ನು ಮ್ಯಾನೇಜರು ಮೂಸಿಯೂ ನೋಡುವುದಿಲ್ಲ. ಮತ್ತು ಬೇಡಿಕೆಗಳು ಕೆಲವೇ ಇರಲಿ, ಗಟ್ಟಿಯಾಗಿರಲಿ. ಗಂಡಾಳುಗಳು ಐದು ಬೇಡಿಕೆ ಹೇಳಿದರು. ವಾರಕ್ಕೊಂದು ರಜ, ತುಟ್ಟಿ ಭತ್ಯೆ, ಗಂಟೆ ಹೊಡೆದ ಮೇಲೆ ದುಡಿಸಬಾರದು, ಕಾರಣ ಹೇಳದೆ ಕೆಲಸದಿಂದ ತೆಗೆಯಬಾರದು, ಕಣದಲ್ಲಿ ಕುಡಿಯುವ ನೀರು. ಆದರೆ ಕಾರ್ಖಾನೆಯಲ್ಲಿ ಹೆಚ್ಚಿನವರು ಹೆಂಗಸರು. ಅವರ ಹೆಬ್ಬೆಟ್ಟು ಬೀಳದೆ ನನ್ನ ಸಂಘವೂ ಇಲ್ಲ, ಕೋಟೂ ಇಲ್ಲ. ಹಾಗಾಗಿ ಅವರ ಶೆಡ್ಡಿಗೆ ಹೋದೆ.

ಶೆಡ್ಡಿನಲ್ಲಿ ಮೊದಲ ಸಾಲಿನ ತಲೆಯಲ್ಲಿ ಕೂರುವ ಹಿರಿಯ ಹೆಂಗಸೊಬ್ಬಳಿದ್ದಳು. ಉಳಿದವರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಅವಳು ಹೂಂ ಎಂದರೆ ಶೆಡ್ಡೆಲ್ಲ ಹೂಂ. ಪಕ್ಕದಲ್ಲಿ ಅವಳ ಸೊಸೆ ಕೂರುತ್ತಿದ್ದಳು, ಬಿಳಿಕೆರೆ ಕಡೆಯಿಂದ ತಂದ ಹುಡುಗಿ. ಎರಡು ಸಲ ಬಸಿರು ನಿಂತು ಎರಡೂ ಸಲ ಉಳಿದಿರಲಿಲ್ಲ. ಈಗ ಮೂರನೆಯದು, ಐದನೆಯ ತಿಂಗಳು. ಕೂಲಿ ಬಿಟ್ಟು ಮನೆಯಲ್ಲಿ ಕೂರುವ ಹಾಗಿಲ್ಲ, ಗಂಡ ಕಾಯಿಲೆಯವನು. ಹುಡುಗಿ ಪ್ರತಿದಿನ ಸಂಜೆ ಮಡಿಲು ಒದರಿ ಮನೆಗೆ ಹೋಗುತ್ತಿದ್ದಳು, ಹೋಗಿ ಅಳುತ್ತಿದ್ದಳು. ದೊಡ್ಡವ್ವ ಇದನ್ನೆಲ್ಲ ಮೊರದಿಂದ ಕೈ ತೆಗೆಯದೆ ಹೇಳಿದಳು. ಆಮೇಲೆ ಕೈ ತೆಗೆದು ನನ್ನ ಮುಖ ನೋಡಿದಳು.

“ಭತ್ಯೆ ಬರ್ಲಿ, ಬುಡ್ಲಿ ರೈಟ್ರಪ್ಪ. ಸಂಜೆಗೆ ಗೇಟ್ತಾವ ಮಡ್ಲು ಒದ್ರಿಸಬಾರ್ದು ಅಂತ ಬರೀರಿ. ನಾವೇನು ಝಡ್ತೀನೇ ಬ್ಯಾಡ ಅಂತಿಲ್ಲ. ಒಬ್ಳು ಎಂಗ್ಸುನ್ನ ಮಡಗ್ಲಿ, ಕೈಯಾಡಿಸಿ ನೋಡ್ಲಿ. ಅದೊಂದ್ ಬರುದ್ರೆ ಸಾಕು, ಬೆಟ್ಟು ಒತ್ತೀವಿ.”

ಆಗಲಿ ಎಂದೆ. ಆ ಗಳಿಗೆಯಲ್ಲಿ ಬರೆಯಬೇಕೆಂದೇ ಇದ್ದೆ, ಅಷ್ಟನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು. ಅದೇ ವಾರ ಮಾವನ ಮನೆಯಲ್ಲಿ ನನ್ನ ಹೆಂಡತಿಗೆ ಮಡಿಲು ತುಂಬಿದರು, ಅವಳಿಗೆ ಏಳು ತಿಂಗಳಾಗಿತ್ತು. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಹಾಕಿ ಗಂಟು ಬಿಗಿದು, ಒಂದು ಕಾಳೂ ಕೆಳಗೆ ಬೀಳಬಾರದು ಎಂದು ಅತ್ತೆ ಎಚ್ಚರಿಸಿದರು. ಹೆಂಡತಿ ಎರಡೂ ಕೈಯಲ್ಲಿ ಹೊಟ್ಟೆಯ ಮುಂದೆ ಅದನ್ನು ಹಿಡಿದುಕೊಂಡು ದೇವರ ಮುಂದಕ್ಕೆ ನಡೆದಳು. ಅವಳು ಎಡವದಿರಲಿ ಎಂದು ಹಾದಿಯಲ್ಲಿದ್ದ ಮಣೆಯನ್ನು ಎತ್ತಿಟ್ಟವನು ನಾನೇ. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿಯೂ ನನಗಿಲ್ಲ.

ಹುಣಸೂರಿಗೆ ವಾಪಸು ಬಂದು ಮನವಿ ಬರೆಯಲು ಕುಳಿತೆ. ಮ್ಯಾನೇಜರು ಇಂಗ್ಲಿಷ್ ದೊರೆ, ಆದ್ದರಿಂದ ಮನವಿಯೂ ಇಂಗ್ಲಿಷಿನಲ್ಲೇ ಆಗಬೇಕು ಎಂದು ನಾನೇ ಹಟ ಹಿಡಿದಿದ್ದೆ. ಐದು ಬೇಡಿಕೆ ಸರಾಗವಾಗಿ ಬಂದವು. ಆರನೆಯದಕ್ಕೆ ಬಂದಾಗ ಕೈ ನಿಂತಿತು. ಇದನ್ನು ದೊರೆಗೆ ಹೇಗೆ ಹೇಳುವುದು? ಸೀರೆಯ ಮಡಿಕೆಯ ವಿಷಯ, ಬಸುರಿಯ ವಿಷಯ, ಶಕುನದ ವಿಷಯ. ಆಫೀಸಿನ ಹೆಡ್ ಗುಮಾಸ್ತರು ಮೊದಲು ಓದುತ್ತಾರೆ, ಓದಿ ನಗುತ್ತಾರೆ. ಸಂಘವಂತೆ ಸಂಘ, ಅಜ್ಜಿಯರ ಶಾಸ್ತ್ರ ಎನ್ನುತ್ತಾರೆ. ಆ ನಗುವನ್ನು ನಾನು ಕಿವಿಯಲ್ಲೇ ಕೇಳಿದೆ. ಹಕ್ಕು ಎಂದರೆ ರಜ, ಭತ್ಯೆ, ಗಂಟೆ. ಪುಸ್ತಕದಲ್ಲಿ ಇರುವಂಥದ್ದು. ಇದು ಹಕ್ಕಲ್ಲ, ಮೂಢನಂಬಿಕೆ ಎಂದು ನನಗೆ ನಾನೇ ಪಾಠ ಹೇಳಿಕೊಂಡು ಐದಕ್ಕೇ ಕೆಳಗೆ ಗೆರೆ ಎಳೆದೆ. ಮೈಸೂರಿನ ಮುಂದಾಳಿಗೆ ಒಂದು ಕಾಗದ ಹಾಕಿ ಕೇಳಬಹುದಿತ್ತು, ಕೇಳಲಿಲ್ಲ. ಅವರೂ ನಕ್ಕರೆ ಎಂಬ ಭಯ. ನನ್ನ ತಪ್ಪಿನ ಬುಡ ಅಷ್ಟೇ, ನಗಿಸಿಕೊಳ್ಳುವ ಭಯ.

ಇಷ್ಟಕ್ಕೇ ನಿಂತಿದ್ದರೆ ಹೇಡಿ ಎನ್ನಬಹುದಿತ್ತು. ಮುಂದೆ ಮಾಡಿದ್ದಕ್ಕೆ ಬೇರೆ ಹೆಸರಿದೆ.

ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಹೊಂಗೆಮರದ ಕೆಳಗೆ ಹೋಗಿ ಮನವಿಯನ್ನು ಓದಿದೆ. ಕಾಗದ ಇಂಗ್ಲಿಷಿನದು, ಕನ್ನಡದಲ್ಲಿ ಅರ್ಥ ಹೇಳುತ್ತ ಹೋದೆ. ಒಂದು, ಎರಡು, ಮೂರು, ನಾಲ್ಕು, ಐದು. ನಿಲ್ಲಿಸಿದೆ. ಯಾರೂ ಹೆಬ್ಬೆಟ್ಟು ಮುಂದೆ ಮಾಡಲಿಲ್ಲ. ನಮ್ಮದು ಎಲ್ಲಿ ಎಂದು ದೊಡ್ಡವ್ವ ಮೆಲ್ಲಗೆ ಕೇಳಿದಳು. ಬರೆದಿಲ್ಲ ಎನ್ನಲು ಬಾಯಿ ತೆರೆದವನೇ, ಆರನೆಯದು ಎಂದುಬಿಟ್ಟೆ. ಐದರ ಕೆಳಗೆ, ಹೆಬ್ಬೆಟ್ಟಿಗೆಂದು ಬಿಟ್ಟಿದ್ದ ಖಾಲಿ ಜಾಗದ ಮೇಲೆ ಬೆರಳಿಟ್ಟು, ಅಕ್ಷರ ಇರುವ ಹಾಗೆಯೇ ಬೆರಳನ್ನು ಎಡದಿಂದ ಬಲಕ್ಕೆ ಎಳೆಯುತ್ತ ಓದಿದೆ. ಗೇಟಿನಲ್ಲಿ ಹೆಂಗಸರ ಮಡಿಲು ಒದರಿಸತಕ್ಕದ್ದಲ್ಲ, ಝಡ್ತಿಗೆ ಒಬ್ಬ ಹೆಂಗಸನ್ನು ನೇಮಿಸತಕ್ಕದ್ದು. ಬಹಳ ಚೆನ್ನಾಗಿ ಓದಿದೆ, ಒಂದು ಕಡೆಯೂ ತಡವರಿಸಲಿಲ್ಲ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡವ್ವ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ, ನಾನು ಬೆರಳು ಎಳೆದ ಜಾಗದಲ್ಲೇ ಒತ್ತಿದಳು. ಅವಳ ಹಿಂದೆ ಶೆಡ್ಡೆಲ್ಲ ಬಂತು.

ಮ್ಯಾನೇಜರು ನಾಲ್ಕು ವಾರ ಆಟ ಆಡಿಸಿದರು. ಕೊನೆಗೆ ಕೊಡಗಿನಿಂದ ಮಾಲು ಬಂದು ರಾಶಿ ಬಿದ್ದ ಸಮಯದಲ್ಲಿ ಐದನ್ನೂ ಆ ಕಾಫಿ ಸುಗ್ಗಿಯ ಮಟ್ಟಿಗೆ ಒಪ್ಪಿದರು. ಒಪ್ಪಂದವನ್ನು ಕನ್ನಡದಲ್ಲಿ ಬರೆಸಿ ಗೇಟಿನ ಹಲಗೆಗೆ ಅಂಟಿಸಿದರು. ಗಂಡಾಳುಗಳು ನನ್ನ ಕೊರಳಿಗೆ ಹೂವಿನ ಹಾರ ಹಾಕಿದರು. ಹಾಕಿಸಿಕೊಂಡೆ. ಶೆಡ್ಡಿನ ಹೆಂಗಸರು ನಮ್ಮದೂ ಆಯಿತಂತೆ ಎಂದು ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ಇವತ್ತು ಹೇಳುತ್ತೇನೆ, ಸಂಜೆಯೊಳಗೆ ಹೇಳುತ್ತೇನೆ ಎಂದುಕೊಂಡು ತಕ್ಕಡಿಯ ಹತ್ತಿರವೇ ಕುಳಿತಿದ್ದೆ. ಸಂಜೆಯ ಗಂಟೆ ಹೊಡೆಯಿತು, ಹೆಂಗಸರ ಹಿಂದೆ ನಾನೂ ಗೇಟಿನ ಹತ್ತಿರ ಬಂದೆ.

ದೊಡ್ಡವ್ವ ಎಲ್ಲರಿಗಿಂತ ಮುಂದೆ, ಸೆರಗು ಬಿಚ್ಚದೆ ಚಪ್ಪಡಿ ದಾಟಿ ನಡೆದಳು. ಜಮಾದಾರರು ಏನವ್ವ ಇದು ಎಂದರು. ಕಾಗದದಲ್ಲಿ ಬರೆದು ಒಪ್ಪಿದ್ದಾರಲ್ಲ ಎಂದಳು. ಆ ಮುದುಕನ ಮುಖದಲ್ಲಿ ಆದ ಸಂತೋಷ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕನ್ನಡಕ ಹಾಕಿಕೊಂಡು ಹಲಗೆಯ ಹತ್ತಿರ ಹೋಗಿ, ಗಟ್ಟಿಯಾಗಿ ಓದಿದರು. ಐದೇ ಇತ್ತು. ಮತ್ತೆ ಮೊದಲಿನಿಂದ ಓದಿದರು. ಆಫೀಸಿನವರು ಬಿಟ್ಟಿರಬೇಕು, ಕೇಳಿಬರುತ್ತೇನೆ ಎಂದು ತಾವೇ ಒಳಗೆ ಹೋಗಿ ಹೆಡ್ ಗುಮಾಸ್ತರನ್ನು ಕರೆತಂದರು. ಗುಮಾಸ್ತರ ಕೈಯಲ್ಲಿ ನನ್ನ ಮನವಿ. ಅವರು ಅದನ್ನು ಬೆಳಕಿಗೆ ಹಿಡಿದು, ಇದರಲ್ಲೂ ಐದೇ ಇದೆ, ಮಡಿಲಿನ ಮಾತೇ ಇಲ್ಲ, ಇದೆ ಎಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಕೋಟಿನ ಗುಂಡಿಗೆ ಹೋಯಿತು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಇನ್ನೂ ನಂಬಿಕೆಯೇ ಇತ್ತು. ಇವನು ಈಗ ಮುಂದೆ ಬಂದು ಆರನೆಯದನ್ನು ತೋರಿಸುತ್ತಾನೆ ಎಂದು ಕಾಯುತ್ತಿದ್ದರು. ನಾನು ನಿಂತಲ್ಲೇ ನಿಂತೆ. ದೊಡ್ಡವ್ವ ನನ್ನನ್ನು ನೋಡಿದಳು, ಗುಮಾಸ್ತರ ಕೈಯ ಕಾಗದವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು.

“ಯಾರೂ ಯೋಳಿಲ್ಲ ಸಾಮಿ,” ಎಂದಳು. “ನಾವೇ ಬರುಸಬೇಕು ಅಂತಿದ್ದೋ. ಬರ್ಸಾದ ಮರ್ತೋ.”

ನನ್ನ ಮಾನ ಉಳಿಸಲು ಹಾಗೆ ಹೇಳಿದಳು ಎಂದು ಆವತ್ತು ಅಂದುಕೊಂಡೆ. ಅಷ್ಟು ದೊಡ್ಡವನು ನಾನು ಎಂಬ ಜಂಬ ಆಗಲೂ ಹೋಗಿರಲಿಲ್ಲ. ವಿಷಯ ತಲೆಗೆ ಹತ್ತಲು ಕೆಲವು ದಿನ ಹಿಡಿಯಿತು. ಇವನು ಸುಳ್ಳು ಓದಿ ಬೆಟ್ಟು ಒತ್ತಿಸಿದ ಎಂದು ಅವಳು ಬಾಯಿಬಿಟ್ಟಿದ್ದರೆ, ಹೆಡ್ ಗುಮಾಸ್ತರು ಆ ಕಾಗದವನ್ನು ಅಲ್ಲೇ ಹರಿಯುತ್ತಿದ್ದರು. ಮೋಸದ ಮನವಿಗೆ ಕೊಟ್ಟ ಒಪ್ಪಂದ ಯಾಕೆ ನಿಲ್ಲಬೇಕು? ಗಂಡಾಳುಗಳ ವಾರದ ರಜ, ಭತ್ಯೆ, ನೀರು ಎಲ್ಲವೂ ಅವತ್ತೇ ಹೋಗುತ್ತಿತ್ತು. ಅದನ್ನು ಅವಳು ಆ ಚಪ್ಪಡಿಯ ಮೇಲೆ ನಿಂತು ಒಂದು ಉಸಿರಿನಲ್ಲಿ ಲೆಕ್ಕ ಹಾಕಿದ್ದಳು. ಸಂಘ ಎಂದರೇನು ಎಂದು ಅಲ್ಲಿದ್ದವರಲ್ಲಿ ಅರ್ಥವಾಗಿದ್ದದ್ದು ಅವಳೊಬ್ಬಳಿಗೆ. ಕಾರ್ಯದರ್ಶಿ ಗುಂಡಿ ಹಿಡಿದುಕೊಂಡು ನಿಂತಿದ್ದ.

ಮರೆತಿದ್ದರೆ ಮರೆತಿರಿ, ಈಗ ಒದರಿ ನಡೆಯಿರಿ ಎಂದರು ಗುಮಾಸ್ತರು, ಮತ್ತು ಅಲ್ಲೇ ನಿಂತರು. ದೊಡ್ಡವ್ವ ಮೊದಲು ಒದರಿದಳು. ಆಮೇಲೆ ಸೊಸೆಯ ಸರದಿ. ಹುಡುಗಿಯ ಕೈ ಸೊಂಟದ ಹತ್ತಿರ ಹೋಗಿ ಅಲ್ಲೇ ನಿಂತಿತು. ಹೋಗು ತಾಯಿ ಎಂದು ಜಮಾದಾರರು ಮೆಲ್ಲಗೆ ಹೇಳಿದರೂ ಗುಮಾಸ್ತರು ತಲೆ ಅಲ್ಲಾಡಿಸಿದರು. ಆಗ ದೊಡ್ಡವ್ವ ಹಿಂದಕ್ಕೆ ಬಂದು, ಸೊಸೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತು, ತನ್ನ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಅವಳ ಮಡಿಲಿನ ಕೆಳಗೆ ಹಿಡಿದಳು. ಹುಡುಗಿ ಒದರಿದಳು. ಏನೂ ಬೀಳಲಿಲ್ಲ, ಬೀಳಲು ಏನಿತ್ತು? ದೊಡ್ಡವ್ವ ಆ ಏನೂ ಇಲ್ಲದ್ದನ್ನೇ ಸೆರಗಿನಲ್ಲಿ ಮಡಿಸಿ, ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಇಬ್ಬರೂ ಹಿಂತಿರುಗಿ ನೋಡದೆ ಹೋದರು. ಜಮಾದಾರರು ರಸ್ತೆಯ ಕಡೆ ತಿರುಗಿಸಿದ ಮುಖವನ್ನು ಕೊನೆಯ ಹೆಂಗಸು ಹೋಗುವ ತನಕ ಈಚೆಗೆ ತಿರುಗಿಸಲಿಲ್ಲ.

ಮಾರನೆಯ ದಿನ ನಾನು ಶೆಡ್ಡಿಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಹೋಗಲಿಲ್ಲ. ತೂಕದ ಹೊತ್ತಿನಲ್ಲಿ ಅವರ ಮುಖ ನೋಡದೆ ತಕ್ಕಡಿಯ ಮುಳ್ಳನ್ನೇ ನೋಡಿದೆ. ಸುಗ್ಗಿ ಮುಗಿಯುವ ತನಕ ಆ ಹುಡುಗಿ ದಿನವೂ ಒದರಿದಳು, ಅತ್ತೆ ದಿನವೂ ಸೆರಗು ಹಿಡಿದಳು. ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ, ಬರೆಯದೆ ಬಿಟ್ಟರೆ ಇಲ್ಲಿಯೂ ಐದನ್ನೇ ಬರೆದ ಹಾಗಾಗುತ್ತದೆ. ನಾನು ಆ ಮಗು ಹುಟ್ಟುವುದನ್ನು ಕಾಯುತ್ತಿದ್ದೆ. ನನ್ನ ಮನೆಯಲ್ಲಿ ಹುಟ್ಟಿದ ಮಗುವಿಗಿಂತ ಹೆಚ್ಚಾಗಿ ಅದನ್ನು ಕಾದೆ. ಚೆನ್ನಾಗಿ ಹುಟ್ಟಲಿ ಎಂದು ಬೇಡಿಕೊಂಡೆ. ಅವಳ ಮೇಲಿನ ಕರುಣೆಯಿಂದ ಅಲ್ಲ. ಮಡಿಲು ಒದರಿದರೆ ಏನೂ ಆಗುವುದಿಲ್ಲ, ನಾನು ಬಿಟ್ಟದ್ದು ಸರಿ ಎಂದು ಸಾಬೀತಾಗಲಿ ಎಂದು. ಮಳೆಗಾಲದಲ್ಲಿ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ಜಮಾದಾರರು ಹೇಳಿದರು. ನೋಡಿದಿರಾ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಂದುಕೊಂಡ ಮರುಗಳಿಗೆಯಲ್ಲೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಅವರು ಕೇಳಿದ್ದು ಮಗು ಉಳಿಯುವ ಭರವಸೆಯನ್ನಲ್ಲ. ಐದು ತಿಂಗಳ ಬಸುರಿ ದಿನವೂ ಅಳದೆ ಮನೆಗೆ ಹೋಗುವುದನ್ನು ಕೇಳಿದ್ದರು.

ಮೈಸೂರಿನ ಮುಂದಾಳು ಮತ್ತೆ ಬಂದಾಗ ಅರ್ಧ ಕಥೆ ಹೇಳಿದೆ. ಹೆಂಗಸರು ಹೀಗೊಂದು ಕೇಳಿದ್ದರು, ನಾನು ಸೇರಿಸಲಿಲ್ಲ ಎಂದೆ. ಖಾಲಿ ಜಾಗದ ಮೇಲೆ ಬೆರಳು ಎಳೆದದ್ದನ್ನು ಹೇಳಲಿಲ್ಲ. ಅವರು ನಗಲಿಲ್ಲ. ಅಯ್ಯೋ ಮಾರಾಯ, ಮೊದಲನೆಯದಾಗಿ ಅದನ್ನೇ ಬರೆಯಬೇಕಿತ್ತಲ್ಲ ಎಂದರು.

ಮುಂದಿನ ಸುಗ್ಗಿಗೆ ಹೊಸ ಮನವಿ ಕೊಡಬೇಕಾಯಿತು. ಶೆಡ್ಡಿಗೆ ಹೋದೆ. ದೊಡ್ಡವ್ವ ಅದೇ ಸಾಲಿನ ತಲೆಯಲ್ಲಿ ಕುಳಿತಿದ್ದಳು. ಸೊಸೆ ಬಂದಿರಲಿಲ್ಲ, ಕೂಸು ಚಿಕ್ಕದು. ಹೋದ ವರ್ಷದ ಮಾತನ್ನು ಅವಳು ಎತ್ತಲಿಲ್ಲ, ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಈ ಸಲ ಕನ್ನಡದಲ್ಲೇ ಬರೆಯಿರಿ ಎಂದಳು, ಅಷ್ಟೇ. ಕನ್ನಡದಲ್ಲೇ ಬರೆದೆ, ಮಡಿಲಿನ ಮಾತನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಮಧ್ಯಾಹ್ನ ಹೊಂಗೆಮರದ ಕೆಳಗೆ ನಿಂತು ಓದಿದೆ. ಓದಿ ಮುಗಿಸಿ ಮಸಿಯ ಬಟ್ಟಲನ್ನು ಮುಂದೆ ಇಟ್ಟೆ. ಹೆಂಗಸರೆಲ್ಲ ದೊಡ್ಡವ್ವನ ಮುಖ ನೋಡಿದರು.

ಅವಳು ಎದ್ದು ಬಂದು, ಕೊಡಿ ಎಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಗೇಟಿನ ಕಡೆಗೆ ನಡೆದಳು. ಅವಳ ಹಿಂದೆ ಶೆಡ್ಡಿನ ಹೆಂಗಸರೆಲ್ಲ, ತಿನ್ನುತ್ತಿದ್ದ ಬುತ್ತಿಯನ್ನು ಬಿಟ್ಟು, ನಡೆದರು. ನಾನು ಮರದ ಕೆಳಗೆ ಒಬ್ಬನೇ ಉಳಿದೆ. ಅವಳು ಕಾಗದವನ್ನು ಜಮಾದಾರರ ಕೈಗೆ ಕೊಟ್ಟಳು, ಇಷ್ಟು ವರ್ಷ ಅವರ ಮಡಿಲು ಒದರಿಸಿದ ಅದೇ ಜಮಾದಾರರ ಕೈಗೆ. ಅವರು ಕನ್ನಡಕ ಹಾಕಿಕೊಂಡರು. ದೂರಕ್ಕೆ ಮಾತು ಕೇಳಿಸಲಿಲ್ಲ, ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಓದಿ ಮುಗಿಸಿ, ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, ತಲೆಯಾಡಿಸಿದರು.

ಅವಳು ಒಬ್ಬಳೇ ಹಿಂದಕ್ಕೆ ಬಂದಳು. ಮಸಿಯ ಬಟ್ಟಲು ಬೇಕಾಗಿತ್ತು. ಬಗ್ಗಿ ಅದನ್ನು ಎತ್ತಿಕೊಂಡು, ನನ್ನ ಮುಖ ನೋಡದೆ, ಕೂಲಿಯವಳು ರೈಟರಿಗೆ ಕೊಡುವ ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡದೆ ಹೇಳಿದಳು.

“ಸರಿಯಾಗೇ ಬರ್ದಿದ್ದೀರಂತೆ ಕಣ್ರಪ್ಪ.”